ಒಂದು ಚಕ್ರ ಎತ್ತಿ ನೋಡಿ

ಅಪ್ಪಾ,

ನೀವು ನನ್ನೊಂದಿಗೆ ಮಾತು ಬಿಟ್ಟಿರುವುದರಿಂದ ಈ ಚೀಟಿಯನ್ನು ನಿಮ್ಮ ರಿಮೋಟಿನ ಕೆಳಗೆ ಇಡುತ್ತಿದ್ದೇನೆ. ರಿಮೋಟ್ ಕಾರು ರೇಸಿನ ಫೈನಲ್‌ಗೆ ಮುಂಚೆ ಓದಿ.

ಕಾರು ವಾಲಬಾರದೆಂದು ಬೆಳಿಗ್ಗೆ ಹಿಂಚಕ್ರಗಳ ನಡುವೆ ದಪ್ಪನೆಯ ಸ್ವೇ ಬಾರ್ ಕಂಬಿ ಹಾಕಿದಿರಲ್ಲ, ಅದರ ಎಡಗಡೆಯ ಕೊಂಡಿ ಕಳಚಿದೆ. ನಾನು ಮುಟ್ಟಿಲ್ಲ, ಪಕ್ಕದ ಮೇಜಿನಿಂದಲೇ ಕಂಡಿತು. ನಂಬದಿದ್ದರೆ ನೀವೇ ಕಲಿಸಿದಂತೆ ಒಂದು ಹಿಂಚಕ್ರ ಎತ್ತಿ ನೋಡಿ. ಕೊಂಡಿ ಸರಿಯಿದ್ದರೆ ಇನ್ನೊಂದೂ ಜೊತೆಗೆ ಏಳಬೇಕು, ಈಗ ಏಳುವುದಿಲ್ಲ. ಹೀಗೇ ಓಡಿಸಿದರೆ ಮೊದಲ ತಿರುವಿನಲ್ಲೇ ಕಾರು ಮಗುಚುತ್ತದೆ.

“ಬಾಯ್ಮುಚ್ಕೊಂಡಿರೋ ಪೆದ್ದ, ಇವತ್ತು ನೀನೇ ಗೆದ್ದೆ” ಎಂದ ನನ್ನ ಗೆಳೆಯ. ನಿಜವೇ. ನಾನು ಗೆದ್ದರೆ ರಿಮೋಟ್ ಕಾರಿನ ರಿಪೇರಿ ಅಂಗಡಿ, ನೀವು ಗೆದ್ದರೆ ನನಗೆ ಮತ್ತೆ ಶಾಲೆ ಎಂದು ಅಮ್ಮನ ಮುಂದೆ ಪಣ ಕಟ್ಟಿದ್ದೇವೆ. ಶಾಲೆಗೆ ಮರಳಲು ಈಗಲೂ ಮನಸ್ಸಿಲ್ಲ. ಆದರೆ ಮಗುಚಿ ಬಿದ್ದ ಕಾರನ್ನು ದಾಟಿ ಗೆಲ್ಲುವುದು ನನ್ನಿಂದಾಗದು.

ಕೊಂಡಿ ಸವೆದಿರಬೇಕು, ಒತ್ತಿ ಕೂರಿಸಿದರೂ ನಿಲ್ಲದು. ನನ್ನಲ್ಲಿದ್ದ ಒಂದೇ ಹೊಸ ಕೊಂಡಿಯನ್ನು ಚೀಟಿಯೊಳಗೆ ಸುತ್ತಿದ್ದೇನೆ. ಬೇಗ ಹಾಕಿಕೊಳ್ಳಿ. ಒಬ್ಬರಿಂದಲೇ ಆಗದಿದ್ದರೆ ಕರೆಯಿರಿ, ಬಂದು ಕಾರು ಹಿಡಿದುಕೊಳ್ಳುತ್ತೇನೆ.

ಇವತ್ತು ನಿಮ್ಮನ್ನು ಸೋಲಿಸಲೆಂದೇ ಬಂದಿರುವ
ನಿಮ್ಮ ಮಗ