ವೈರು ನನ್ನ ಊಟದ ಚೀಲದಲ್ಲಿದೆ

ಪುಟ್ಟಿ,

ನಿನ್ನ ಓದಿನ ವಿಷಯಕ್ಕೆ ತಲೆ ಹಾಕುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಬೆಳಗ್ಗೆ ಎಂದಿನಂತೆ ಫೈಲುಗಳ ನಕಲು, ಅದೇ ಬ್ಯಾಕಪ್, ತೆಗೆಯಲು ಕೂತರೆ ಕಂಪ್ಯೂಟರಿನಲ್ಲಿ ನಿನ್ನ ಥೀಸಿಸ್ ಇಲ್ಲ. ಒಂದು ಅಧ್ಯಾಯವೂ ಇಲ್ಲ. ಅಳಿಸಿದ ಫೈಲು ಹೋಗಿ ಬೀಳುವ ಕಂಪ್ಯೂಟರಿನ ಕಸದ ಬುಟ್ಟಿಯೂ ಖಾಲಿ. ಕೈತಪ್ಪಿ ಅಳಿಸಿದವರು ಬುಟ್ಟಿಯನ್ನೂ ಗುಡಿಸಿ ಹೋಗುತ್ತಾರೆಯೇ?

ಹಳೇ ಲ್ಯಾಪ್‌ಟಾಪಿನ ಹಾರ್ಡ್‌ಡಿಸ್ಕ್ ಕೂರಿಸಿದ್ದೇನಲ್ಲ, ಆ ಕಪ್ಪು ಡಬ್ಬಿಯಲ್ಲಿ ನಿನ್ನೆಯ ನಕಲು ಭದ್ರವಾಗಿದೆ; ಬೆಳಗ್ಗೆ ಅದನ್ನು ಸಿಕ್ಕಿಸುವ ಮೊದಲೇ ನೋಡಿದ್ದು ಒಳ್ಳೆಯದಾಯಿತು. ಅದನ್ನು ಕಂಪ್ಯೂಟರಿಗೆ ಸಿಕ್ಕಿಸಬೇಡ. ಸಿಕ್ಕಿಸಿದ ಕೂಡಲೇ ನಕಲು ತಾನೇ ಶುರುವಾಗುವ ಹಾಗೆ ಮಾಡಿಟ್ಟಿದ್ದೇನೆ. ಕಂಪ್ಯೂಟರಿನಲ್ಲಿ ಇಲ್ಲದ್ದನ್ನು ಅದು ಡಬ್ಬಿಯಿಂದಲೂ ಅಳಿಸಿಬಿಡುತ್ತದೆ. ಇದು ನಿನಗೂ ಗೊತ್ತು, ಅದೇ ನನ್ನ ಹೆದರಿಕೆ. ಯಾವುದಕ್ಕೂ ಇರಲಿ ಎಂದು ಡಬ್ಬಿಯನ್ನು ಸಿಕ್ಕಿಸುವ ವೈರನ್ನು ಊಟದ ಚೀಲದಲ್ಲಿ ಹಾಕಿಕೊಂಡು ಕೆಲಸಕ್ಕೆ ಹೊರಟಿದ್ದೇನೆ.

ಮೊನ್ನೆ ಗೈಡ್ ಜೊತೆ ಜಗಳವಾಡಿ ಬಂದು, "ಎಲ್ಲಾ ಸುಟ್ಟು ಹಾಕಿಬಿಡ್ತೀನಿ ಅಪ್ಪ" ಅಂದಿದ್ದೆ. ಮರೆತಿಲ್ಲ.

ನಿಮ್ಮಮ್ಮನಿಗೆ ಹೇಳಿದರೆ, "ಮಗಳ ಮೇಲೇ ಪತ್ತೇದಾರಿಕೆನಾ? ಮೊದಲು ನಿಮ್ಮ ಕೈ ಏನು ಮಾಡ್ತು ನೋಡ್ಕೊಳ್ಳಿ" ಎಂದಳು. ಅದೂ ಸರಿಯೇ. ನಕಲಿಗೆ ಮೊದಲು ಬುಟ್ಟಿ ಖಾಲಿ ಮಾಡಿ ಎಂದು ಸಂಜೆಯ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸಿದ್ದರು. ಈಗ ಅದು ನನಗೆ ಚಪ್ಪಲಿ ಬಿಡುವಷ್ಟೇ ಅಭ್ಯಾಸ. ಬೆಳಗ್ಗೆಯೂ ಹಾಗೇ ಮಾಡಿದೆನೋ ಏನೋ. ಥೀಸಿಸ್ ಕೈತಪ್ಪಿ ಬುಟ್ಟಿಗೆ ಬಿದ್ದಿದ್ದರೆ, ನೋಡದೆ ಗುಡಿಸಿದವನು ನಾನೇ.

ಊಟ ಒಲೆಯ ಮೇಲಿದೆ, ಬಿಸಿ ಮಾಡಿಕೊಂಡು ತಿನ್ನು. ಓದು ಬೇಡವಾದರೆ ಬೇಡ ಎಂದು ನನ್ನೆದುರಿಗೇ ಹೇಳು, ವೈರನ್ನು ನಾನೇ ಕೈಗೆ ಕೊಡುತ್ತೇನೆ. ಅಳಿಸಿದ್ದು ನೀನೋ ನಾನೋ, ನನಗೆ ನಿಜವಾಗಿಯೂ ಗೊತ್ತಿಲ್ಲ.

ಅಪ್ಪ