ಮೇಷ್ಟ್ರು ಕಂಡ ಮಿಂಚು

ಅಕ್ಕಾ, ನನ್ನ ಕೆಮ್ಮು ಬಿಟ್ಟಿದೆ, ಚಿಂತೆ ಬೇಡ.

ನೆಲದಡಿಯ ನಮ್ಮ ಪ್ರಯೋಗಾಲಯದಲ್ಲಿ ದ್ರವ ಆರ್ಗಾನ್ ತುಂಬಿದ ದೊಡ್ಡ ತೊಟ್ಟಿಯಿದೆ. ಈವರೆಗೆ ಯಾರಿಗೂ ಸಿಗದ ಕಪ್ಪು ದ್ರವ್ಯದ ಕಣ ಅದಕ್ಕೆ ಬಡಿದರೆ ಸಣ್ಣಗೆ ಮಿಂಚಬೇಕು. ಮೊನ್ನೆ ಮಿಂಚಿತು! ವರ್ಷಗಟ್ಟಲೆ ಕಾದಿದ್ದ ನಮ್ಮ ಮೇಷ್ಟ್ರು ಕುಣಿದುಬಿಟ್ಟರು. ಆದರೆ ಅದು ತೊಟ್ಟಿಯೊಳಗೆ ಮಿಂಚು ಹಿಡಿಯುವ ಕೊಳವೆಗಳ ಗಾಜಿನಿಂದಲೇ ಹೊರಟ ಮಾಮೂಲಿ ನ್ಯೂಟ್ರಾನ್ ಎಂದು ಇಂದು ನನ್ನ ಪರೀಕ್ಷೆಯಲ್ಲಿ ತಿಳಿಯಿತು. ಫಲಿತಾಂಶದ ಹಾಳೆ ಹಿಡಿದು ಅವರ ಬಳಿ ಹೋದೆ. ಅವರೇ ನನ್ನ ಮುಖ ನೋಡಿ, "ಗಾಜಿಂದಾನೇನಮ್ಮಾ?" ಎಂದರು. ಹೂಂ ಎಂದೆ.

ಸಪ್ಪೆ ಮುಖ ಹೊತ್ತು ಹೆಂಡತಿಗೆ ಫೋನ್ ಮಾಡಲು ಹೋದವರು ನಗುತ್ತಾ ಬಂದರು.

"ಕಣ ಸಿಕ್ತು ಅಂತ ಅವಳು ಆಗ್ಲೇ ಬೀದಿಗೆಲ್ಲಾ ಸಾರಿಬಿಟ್ಟಿದಾಳೆ! ಇನ್ನು ನಿಜವಾಗ್ಲೂ ಹಿಡೀದೆ ವಿಧಿಯಿಲ್ಲ. ನಡಿಯಮ್ಮಾ ಕೆಳಗೆ!"

ಲಿಫ್ಟ್ ಬಂತು, ಹೊರಟೆ.

ನಿನ್ನ ತಂಗಿ