ಎರಡು ಅಲಾರಾಂ

ಲಾಮು, ಭಾನುವಾರ

ಪ್ರೀತಿಯ ಅಥ್ಮಾನ್,

ಸಲಾಂ. ನೀನು ಕಳಿಸಿದ ಖರ್ಜೂರ ತಲುಪಿತು. ಫೋನಿನಲ್ಲಿ ಹೇಳಲಾಗದ್ದಕ್ಕೆ ಬರೆಯುತ್ತಿದ್ದೇನೆ.

ನಿಮ್ಮಣ್ಣ ತೀರಿಕೊಂಡ ನಲವತ್ತನೆಯ ದಿನದ ಪ್ರಾರ್ಥನೆ ಮುಗಿಸಿ ಮೊಂಬಾಸಾಕ್ಕೆ ಹೋದವನು, ಅಲ್ಲಿಂದಲೇ ನಿನ್ನ ಫೋನಿನ ಮೂಲಕ ನಮ್ಮ ಇಂಟರ್ನೆಟ್ ರೇಡಿಯೊದ ಬೆಳಗಿನ ಅಲಾರಾಂ ತೆಗೆದುಹಾಕಿದ್ದೀಯ. ಇನ್ನು ದೋಣಿಗೆ ಹೋಗುವವರು ಯಾರು, ಅತ್ತಿಗೆ ಮಲಗಲಿ ಅಂದುಕೊಂಡಿರುತ್ತೀಯ. ಬೇಸರವಿಲ್ಲ.

ನಾನೇ ಇಡಲು ನೋಡಿದೆ. ನಮ್ಮ ಸ್ವಾಹಿಲಿ ಲೆಕ್ಕದಲ್ಲಿ ಬೆಳಗಿನ ಐದನ್ನು ಹನ್ನೊಂದು ಗಂಟೆ ಎನ್ನುತ್ತೇವಲ್ಲ, ಹಾಗೆಯೇ ಹನ್ನೊಂದು ಒತ್ತಿದೆ. ಅದು ಹೊತ್ತೇರಿದ ಮೇಲೆ, ನಾನು ಮೀನು ಹುರಿಯುತ್ತಿರುವಾಗ ಹಾಡತೊಡಗಿತು. ಪಕ್ಕದ ಮನೆಯ ಜೊಹೋರಾ ಮಹಡಿಯಿಂದ, "ಏನಮ್ಮಾ, ನಿಂಗೆ ಈಗ ಬೆಳಗಾಯ್ತಾ?" ಎಂದು ಕೂಗಿದಳು. ನಿಮ್ಮಣ್ಣ ದಿನಾ ರೇಡಿಯೊಗೆ ಉತ್ತರ ಕೊಡುತ್ತಿದ್ದರಲ್ಲ, "ಬಂದೆ ಮಾರಾಯ, ಕಿರುಚ್ಬೇಡ" ಅಂತ. ಅದು ನೆನಪಾಗಿ ನಿಂತುಬಿಟ್ಟೆ. ಮೀನು ಸೀದುಹೋಯಿತು.

ಆದ್ದರಿಂದ ನೀನೇ ಮತ್ತೆ ಇಟ್ಟುಕೊಡು. ಮೊದಲಿನಂತೆ ಎರಡು. ರೇಡಿಯೊದ ಲೆಕ್ಕದಲ್ಲಿ ಐದಕ್ಕೊಂದು, ಐದು ಹತ್ತಕ್ಕೊಂದು. ಇಲ್ಲಿ ನೆಟ್‌ವರ್ಕ್ ಆಗಾಗ ಹೋಗುತ್ತದೆ. ಸ್ಟೇಷನ್ ಸಿಗದಿದ್ದರೆ ಅದು ತನ್ನದೇ ಗಂಟೆ ಬಾರಿಸುವಂತೆ ಮಾಡು. ಕರೆಂಟ್ ಹೋಗಿ ಬಂದರೂ ತಪ್ಪಬಾರದು.

ಒಂದೇ ಸಾಕಲ್ಲವೇ ಅನ್ನಬೇಡ. ಮೊದಲನೆಯದಕ್ಕೆ ಅವರು ಎಂದೂ ಎದ್ದವರಲ್ಲ. ಮಗ್ಗುಲು ಬದಲಿಸಿ, ಎರಡನೆಯದು ಹೊಡೆಯುವವರೆಗೆ ನನ್ನ ಪಕ್ಕದಲ್ಲೇ ಇರುತ್ತಿದ್ದರು. ಆ ಹತ್ತು ನಿಮಿಷ ನನಗೆ ಬೇಕು.

ಮಕ್ಕಳಿಗೆ ನನ್ನ ಮುತ್ತು.

ನಿನ್ನ ಅತ್ತಿಗೆ,
ರುಕಿಯಾ